ಕುರ್ದರ ಮಾರ್ಚ್ ತಿಂಗಳು

ನೀವೀಗ ನೋಡುತ್ತಿರುವುದು ಇರಾಕಿನ ಕುರ್ದಿಸ್ತಾನದ ಸುಲೈಮಾನಿಯಾ ನಗರದ ಪೇಟೆಬೀದಿ. ಸೊಂಟಕ್ಕೆ ಉದ್ದನೆಯ ವಸ್ತ್ರ ಸುತ್ತಿ, ದೊಗಳೆ ಷರಾಯಿ ತೊಟ್ಟ ಹಿರಿಯರು ಪುಟ್ಟ ಗಾಜಿನ ಲೋಟಗಳಲ್ಲಿ ಹಾಲಿಲ್ಲದ ಚಹಾ ಕುಡಿಯುತ್ತಿದ್ದಾರೆ. ಅಂಗಡಿಗಳ ಮುಂದೆ ಹೆಣ್ಣುಮಕ್ಕಳು ಹೊಸವರ್ಷದ ನೌರೋಜ್ ಹಬ್ಬಕ್ಕಾಗಿ ಮಿನುಗುವ ಬಟ್ಟೆಗಳನ್ನು ಆರಿಸುತ್ತಿದ್ದಾರೆ.

ಸ್ವಂತ ದೇಶದ ಸಾಧ್ಯತೆಯನ್ನು ಕುರ್ದರಿಗೆ, ಮೊದಲ ಮಹಾಯುದ್ಧದಲ್ಲಿ ಸೋತ ಒಟ್ಟೊಮನ್ ಸಾಮ್ರಾಜ್ಯದೊಂದಿಗೆ ಗೆದ್ದ ದೇಶಗಳು ಮಾಡಿಕೊಂಡ 1920ರ ಸೆವ್ರ್ ಒಪ್ಪಂದ ತೆರೆದಿಟ್ಟಿತ್ತು. ಮೂರೇ ವರ್ಷಗಳಲ್ಲಿ ಅದರ ಬದಲಿಗೆ ಬಂದ ಲೌಸಾನ್ ಒಪ್ಪಂದದಲ್ಲಿ ಅವರ ಹೆಸರೇ ಇರಲಿಲ್ಲ. ಹೀಗೆ ಟರ್ಕಿ, ಇರಾನ್, ಇರಾಕ್, ಸಿರಿಯಾಗಳಲ್ಲಿ ಹಂಚಿಹೋದ ಈ ಜನರ ನೆನಪುಗಳು ಮಾರ್ಚ್ ತಿಂಗಳಿನಲ್ಲಿ ಒತ್ತೊತ್ತಾಗಿ ಬಂದು ಸೇರುತ್ತವೆ.

ಗುಂಡಿನ ಗುರುತುಗಳಿಂದ ತುಂಬಿದ ಈ ಕಟ್ಟಡದ ಹೆಸರು ಅಮ್ನ ಸುರಕ. ಸದ್ದಾಂ ಹುಸೇನ್ ಆಡಳಿತದ ಗುಪ್ತಚರರು ಕುರ್ದರನ್ನು ಕೂಡಿಹಾಕಿ ಹಿಂಸಿಸುತ್ತಿದ್ದ ಈ ಸೆರೆಮನೆಯನ್ನು 1991ರ ಮಾರ್ಚ್‌ನಲ್ಲಿ ದಂಗೆಯೆದ್ದ ಜನರು ವಶಪಡಿಸಿಕೊಂಡರು. ಇಂದು ಇದು ವಸ್ತುಸಂಗ್ರಹಾಲಯ. ಒಳಗಿನ ಓಣಿಯೊಂದರ ಗೋಡೆಗಳಿಗೆ 1,82,000 ಕನ್ನಡಿ ಚೂರುಗಳನ್ನು ಅಂಟಿಸಿದ್ದಾರೆ. ಕುರ್ದರ ಮೇಲೆ ಸದ್ದಾಂ ಆಡಳಿತ ನಡೆಸಿದ 1988ರ ಅನ್ಫಾಲ್ ಸೇನಾ ಕಾರ್ಯಾಚರಣೆಯಲ್ಲಿ ಸತ್ತವರೆಂದು ಕುರ್ದರು ಲೆಕ್ಕಹಾಕಿರುವ ಒಬ್ಬೊಬ್ಬರಿಗೂ ಒಂದೊಂದು ಚೂರು. ನಾಶವಾದ ಹಳ್ಳಿಗಳಿಗಾಗಿ ಮೇಲೆ 4,500 ಪುಟ್ಟ ದೀಪಗಳಿವೆ. ಇಲ್ಲಿ ಬೇಗ ಬೇಗ ನಡೆದುಹೋಗುವುದು ಸರಿಯಲ್ಲವೆಂದು ನನಗನ್ನಿಸಿತು. ಆದ್ದರಿಂದ ಈ ದೃಶ್ಯವನ್ನು ಕತ್ತರಿಸದೆ ಹಾಗೆಯೇ ಇಟ್ಟಿದ್ದೇನೆ.

ಅದೇ 1988ರ ಮಾರ್ಚ್ 16ರಂದು ಇರಾನ್ ಗಡಿಗೆ ಹತ್ತಿರದ ಹಲಬ್ಜ ಪಟ್ಟಣದ ಮೇಲೆ ಇರಾಕಿನ ವಿಮಾನಗಳು ವಿಷಾನಿಲದ ಬಾಂಬುಗಳನ್ನು ಸುರಿದವು. ಸುಮಾರು 5,000 ಜನ ಸತ್ತರು. ಬದುಕುಳಿದವರಲ್ಲಿ ಅನೇಕರನ್ನು ಉಸಿರಾಟದ ಮತ್ತು ಕಣ್ಣಿನ ತೊಂದರೆಗಳು ದಶಕಗಳವರೆಗೆ ಕಾಡಿದವು.

ಆ ಸ್ಮರಣೆಯ ದಿನ ಕಳೆದು ವಾರ ತುಂಬುವುದರೊಳಗೆ ನೌರೋಜ್. ಕ್ರೂರ ದೊರೆ ಜಹ್ಹಾಕನನ್ನು ಕೊನೆಗಾಣಿಸಿದ ಕಾವಾ ಎಂಬ ಕಮ್ಮಾರ ಬೆಟ್ಟದ ಮೇಲೆ ಬೆಂಕಿ ಹೊತ್ತಿಸಿದನೆಂಬುದು ಕುರ್ದರ ಐತಿಹ್ಯ. ಅದರಂತೆ 20ರ ಸಂಜೆ ಅಕ್ರೆ ಪಟ್ಟಣದಲ್ಲಿ ಯುವಕರು ಪಂಜು ಹಿಡಿದು ಸಾಲುಸಾಲಾಗಿ ಬೆಟ್ಟವೇರುತ್ತಾರೆ. ಕುರ್ದರೆಂದರೆ ಯುದ್ಧದ ಸುದ್ದಿಯಷ್ಟೇ ಎಂದುಕೊಂಡವರು ಮರುದಿನದ ಹಸಿರು ಬಯಲುಗಳನ್ನೂ ನೋಡಬೇಕು. ಮನೆಮಂದಿಯೆಲ್ಲ ಚಾಪೆ, ಒಲೆ, ಪಾತ್ರೆಗಳೊಂದಿಗೆ ಊರಾಚೆಗೆ ಹೊರಡುತ್ತಾರೆ. ದ್ರಾಕ್ಷಿ ಎಲೆ, ಈರುಳ್ಳಿ, ಬದನೆಕಾಯಿಗಳೊಳಗೆ ಅಕ್ಕಿ ತುಂಬಿ ಬೇಯಿಸಿದ ದೋಲ್ಮಾವನ್ನು ಪಾತ್ರೆಸಮೇತ ದೊಡ್ಡ ತಟ್ಟೆಗೆ ಬೋರಲು ಹಾಕಿ, ಮಜ್ಜಿಗೆಯಂಥ ಮಾಸ್ತಾವ್ ಜೊತೆಗೆ ಎಲ್ಲರೂ ಹಂಚಿ ತಿನ್ನುತ್ತಾರೆ. ಊಟವಾದ ಮೇಲೆ ಗಂಡಸರೂ ಹೆಂಗಸರೂ ಕೈ ಕೈ ಹಿಡಿದು ಹಲ್ಪರ್ಕೆ ಕುಣಿತಕ್ಕೆ ನಿಲ್ಲುತ್ತಾರೆ. ಸಾಲಿನ ಮುಂದಿರುವವರು ಬಣ್ಣದ ಕರವಸ್ತ್ರ ಬೀಸುತ್ತ ಹೆಜ್ಜೆ ನಡೆಸಿದರೆ, ಈಗಷ್ಟೇ ಬಂದವರೂ ನಡುವೆ ಸೇರಿಕೊಳ್ಳುತ್ತಾರೆ.