ಚೆಂಡನ್ನು ನೆಲಕ್ಕೆ ಎಸೆದರೂ 39.6 ಅಂಕ! ಹಳೇ ಕ್ವಾರ್ಟರ್‌ಬ್ಯಾಕಾ, ಹೊಸಬರಾ?

ನಮಸ್ಕಾರ. ನನ್ನ ಭಾವ ನ್ಯೂಜೆರ್ಸಿಯಲ್ಲಿದ್ದಾರೆ. ಇಪ್ಪತ್ತು ವರ್ಷದಿಂದ ನ್ಯೂಯಾರ್ಕ್ ಜೆಟ್ಸ್ ತಂಡದ ಅಭಿಮಾನಿ, ಅಂದರೆ ಇಪ್ಪತ್ತು ವರ್ಷದಿಂದ ದುಃಖದಲ್ಲಿದ್ದಾರೆ. ಆ ತಂಡ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್, ಗೆದ್ದದ್ದು ಒಂದೇ ಸಲ, 1969ರ ಜನವರಿಯಲ್ಲಿ. ಗೆಲ್ಲಿಸಿದ್ದು ಕ್ವಾರ್ಟರ್‌ಬ್ಯಾಕ್ ಜೋ ನೇಮತ್. ಮೊನ್ನೆ ಫೋನಿನಲ್ಲಿ ಭಾವ, "ನೇಮತ್ ಮುಂದೆ ಈಗಿನ ಹುಡುಗರೆಲ್ಲ ಏನು ಮಹಾ?" ಅಂದರು. ನಾನು ಸುಮ್ನಿರಬೇಕಿತ್ತು. ಲೆಕ್ಕ ತೆಗೆದುಬಿಟ್ಟೆ.

ಗೊತ್ತಿಲ್ಲದವರಿಗೆ ಬೇಗ ಹೇಳಿಬಿಡುತ್ತೇನೆ. ಇದು ಅಮೆರಿಕನ್ ಫುಟ್‌ಬಾಲ್. ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ನಮ್ಮವನು ಗಡಿ ದಾಟಿ ಹಿಡಿದರೆ ಟಚ್‌ಡೌನ್, ಎದುರಾಳಿ ಹಿಡಿದರೆ ಇಂಟರ್‌ಸೆಪ್ಶನ್. ಅಷ್ಟು ಸಾಕು.

ನೇಮತ್ ಇಡೀ ವೃತ್ತಿಯಲ್ಲಿ ಎಸೆದ ಟಚ್‌ಡೌನ್ 173, ಇಂಟರ್‌ಸೆಪ್ಶನ್ 220. ಹೌದು, ಎದುರಾಳಿಗೇ ಜಾಸ್ತಿ ಕೊಟ್ಟಿದ್ದಾನೆ! ಅವನ ಪಾಸರ್ ರೇಟಿಂಗ್, ಅಂದರೆ ಎಸೆತಗಳಿಗೆ ಕೊಡುವ ಒಟ್ಟು ಅಂಕ, 65.5. ಈಗಿನ ಲೀಗ್ ಸರಾಸರಿಯೇ 90ರ ಆಸುಪಾಸಿನಲ್ಲಿದೆ. ಭಾವ ಸೋತರು ಅಂದುಕೊಂಡೆ. ಆಮೇಲೆ ಈ ರೇಟಿಂಗ್ ಎಲ್ಲಿಂದ ಬಂತು ಅಂತ ನೋಡಿದೆ, ಅಲ್ಲಿಗೆ ನನ್ನ ರಾತ್ರಿಯ ನಿದ್ದೆ ಹೋಯಿತು.

ಈ ಸೂತ್ರ ಬಂದದ್ದು 1973ರಲ್ಲಿ. ಅದಕ್ಕಿಂತ ಹಿಂದಿನ ಆಟಗಾರರ ಅಂಕಿಗಳನ್ನು ಇಟ್ಟುಕೊಂಡು, ಸಾಧಾರಣ ಆಟಗಾರನಿಗೆ 66.7 ಬರುವ ಹಾಗೆ ಕೂರಿಸಿದರು. ಎಷ್ಟು ಎಸೆತ ನಮ್ಮವರ ಕೈ ಸೇರಿತು, ಅದರಿಂದ ಎಷ್ಟು ಗಜ ಮುಂದೆ ಹೋದರು, ಎಷ್ಟು ಟಚ್‌ಡೌನ್, ಎಷ್ಟು ಇಂಟರ್‌ಸೆಪ್ಶನ್, ಹೀಗೆ ನಾಲ್ಕು ಲೆಕ್ಕ. ಗರಿಷ್ಠ 158.3. ಯಾಕೆ 100 ಅಲ್ಲ ಅಂತ ಕೇಳಬೇಡಿ, ಸಮಿತಿ ಕೂತರೆ ಹೀಗೇ ಆಗುವುದು.

ಈಗ ಮಜಾ ನೋಡಿ. ನೀವು ಪ್ರತಿ ಚೆಂಡನ್ನೂ ನೆಲಕ್ಕೇ ಎಸೆದಿರಿ ಅಂದುಕೊಳ್ಳಿ. ಒಂದೂ ಯಾರ ಕೈಗೂ ಸಿಗಲಿಲ್ಲ. ಮೂರು ಲೆಕ್ಕದಲ್ಲಿ ಸೊನ್ನೆ. ಆದರೆ ಎದುರಾಳಿಗೂ ಸಿಗಲಿಲ್ಲವಲ್ಲ, ಆ ನಾಲ್ಕನೇ ಲೆಕ್ಕದಲ್ಲಿ ಪೂರ್ತಿ ಅಂಕ! ಒಟ್ಟು ರೇಟಿಂಗ್ 39.6. ಖಾಲಿ ಉತ್ತರ ಪತ್ರಿಕೆ ಕೊಟ್ಟು, ನಮ್ಮ ಕಾಲದ ಎಸ್ಸೆಸ್ಸೆಲ್ಸಿಯ 35 ದಾಟಿ ಪಾಸಾದ ಹಾಗೆ. ಸರಿ ಸರಿ, 158.3ಕ್ಕೆ 39.6 ಅಂದರೆ ಕಾಲು ಭಾಗ, ಫೇಲೇ. ಆದರೂ!

ಇನ್ನೂ ಇದೆ. ಟೆರಿ ಬ್ರ್ಯಾಡ್‌ಶಾ, 1970ರ ಡ್ರಾಫ್ಟ್‌ನಲ್ಲಿ (ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವುದು) ಎಲ್ಲರಿಗಿಂತ ಮೊದಲು ಆಯ್ಕೆಯಾದವನು, ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡ. ಮೊದಲ ವರ್ಷ 6 ಟಚ್‌ಡೌನ್, 24 ಇಂಟರ್‌ಸೆಪ್ಶನ್. ರೇಟಿಂಗ್ 30.4. ಅಂದರೆ ಇಡೀ ವರ್ಷ ಚೆಂಡನ್ನು ನೆಲಕ್ಕೆ ಬಡಿಯುತ್ತಾ ನಿಂತಿದ್ದರೆ ಕಾಗದದ ಮೇಲೆ ಇದಕ್ಕಿಂತ ಚೆನ್ನಾಗಿ ಕಾಣುತ್ತಿದ್ದ. ಅದೇ ಮನುಷ್ಯ ಆಮೇಲೆ ನಾಲ್ಕು ಸೂಪರ್ ಬೌಲ್ ಆಡಿ ನಾಲ್ಕನ್ನೂ ಗೆದ್ದ.

ಹಾಗಾದರೆ ಸರಾಸರಿ 66.7ರಿಂದ 90ಕ್ಕೆ ಹೋದದ್ದು ಹೇಗೆ, ಈಗಿನವರ ತೋಳಿನಲ್ಲಿ ದೇವರು ಕೂತಿದ್ದಾನಾ? ಮುಖ್ಯ ಕಾರಣ ನಿಯಮ. ಮೊದಲೆಲ್ಲ ಚೆಂಡು ಹಿಡಿಯಲು ಓಡುವವನನ್ನು ಎದುರಾಳಿ ದಾರಿಯುದ್ದಕ್ಕೂ ತಳ್ಳುತ್ತಾ, ಗುದ್ದುತ್ತಾ ಹೋಗಬಹುದಿತ್ತು. 1978ರಲ್ಲಿ ಐದು ಗಜ ಆದಮೇಲೆ ಮುಟ್ಟುವಂತಿಲ್ಲ ಅಂದರು. ಅದೇ ವರ್ಷ ಕ್ವಾರ್ಟರ್‌ಬ್ಯಾಕನ್ನು ಕಾಯುವವರಿಗೆ ಕೈ ಚಾಚಿ ತಡೆಯಲು ಬಿಟ್ಟರು, ಒಂದು ಋತುವಿನಲ್ಲಿ ತಂಡ ಆಡುವ ಪಂದ್ಯಗಳನ್ನೂ 14ರಿಂದ 16ಕ್ಕೆ ಏರಿಸಿದರು. 2021ರಿಂದ 17. 2008ರ ಮೊದಲ ಪಂದ್ಯದಲ್ಲೇ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ, ಮುಂದಿನ ವರ್ಷ ಮೊಣಕಾಲಿಗೆ ಬೀಳುವ ಹೊಡೆತದ ಮೇಲಿನ ನಿಯಮವನ್ನೂ ಬಿಗಿ ಮಾಡಿದರು.

ಈಗ ನೇಮತ್‌ನ 1967 ನೋಡಿ. 14 ಪಂದ್ಯದಲ್ಲಿ ಎಸೆತದಿಂದಲೇ 4,007 ಗಜ. ಅಷ್ಟು ದೂರ ಅದಕ್ಕೆ ಮೊದಲು ಯಾರೂ ಹೋಗಿರಲಿಲ್ಲ. ಆಮೇಲೆ ಇನ್ನೊಬ್ಬ 4,000 ದಾಟಿದ್ದು 1979ರಲ್ಲಿ, ಅದೂ 16 ಪಂದ್ಯ ಆಡಿ. ಈಗ ಪ್ರತಿ ವರ್ಷ ಹಲವರು ದಾಟುತ್ತಾರೆ, ಯಾರೂ ತಲೆ ಎತ್ತಿ ನೋಡುವುದಿಲ್ಲ.

ಅದಕ್ಕೇ ನನ್ನ ಅಳತೆ ಒಂದೇ: ತನ್ನ ಕಾಲದವರಿಂದ ಎಷ್ಟು ದೂರ ಹೋದ? ಆ ಲೆಕ್ಕದಲ್ಲಿ ನನ್ನ ಮೆಚ್ಚಿನವನು ಮಯಾಮಿಯ ಡ್ಯಾನ್ ಮರೀನೋ. ಒಂದು ಋತುವಿನ ಟಚ್‌ಡೌನ್ ದಾಖಲೆ 36 ಇತ್ತು, 1984ರಲ್ಲಿ ಇವನು 48 ಎಸೆದ! ಜೊತೆಗೆ 5,084 ಗಜ. ಆ ಗಜದ ದಾಖಲೆ ಮುರಿಯಲು 2011 ಬರಬೇಕಾಯಿತು. ಆದರೆ ಸೂಪರ್ ಬೌಲ್ ಒಂದೂ ಗೆಲ್ಲಲಿಲ್ಲ, ಪಾಪ.

ಟೈಮ್ ಆಯ್ತು, ಉಳಿದವರನ್ನು ಒಂದೇ ಗಂಟು ಕಟ್ಟುತ್ತೇನೆ. ಆಟೋ ಗ್ರಹಾಂ ಹತ್ತು ವರ್ಷ ಆಡಿ ಹತ್ತೂ ವರ್ಷ ಫೈನಲ್, ಏಳು ಗೆಲುವು. ಜೋ ಮೊಂಟಾನಾ ನಾಲ್ಕು ಸೂಪರ್ ಬೌಲ್‌ನಲ್ಲಿ 11 ಟಚ್‌ಡೌನ್, ಇಂಟರ್‌ಸೆಪ್ಶನ್ ಸೊನ್ನೆ. 2000ದ ಡ್ರಾಫ್ಟ್‌ನಲ್ಲಿ ಬ್ರೇಡಿಗಿಂತ ಮೊದಲು 198 ಜನರನ್ನು ಆರಿಸಿದ್ದರು, ಅವನು ಏಳು ಸೂಪರ್ ಬೌಲ್ ಗೆದ್ದ, ಕೊನೆಯದು 43ನೇ ವಯಸ್ಸಿನಲ್ಲಿ. ಯಾವ ಕಾಲದಲ್ಲಿ ಬಿಟ್ಟರೂ ಇವನು ಗೆಲ್ಲುತ್ತಿದ್ದ ಅನ್ನಿಸುತ್ತದೆ, ಆದರೆ 1970ರ ಹೊಡೆತಕ್ಕೆ 43ರವರೆಗೆ ಮೊಣಕಾಲು ಉಳಿಯುತ್ತಿತ್ತಾ? ನನಗೆ ಅನುಮಾನ.

ಈ ವಿಡಿಯೋ ಭಾವನಿಗೂ ಕಳಿಸಬೇಕು. ಭಾನುವಾರ ಜೆಟ್ಸ್ ಮ್ಯಾಚ್ ಇದೆ, ಅದು ಮುಗಿದು ಅವರು ಸ್ವಲ್ಪ ಸುಧಾರಿಸಿಕೊಂಡ ಮೇಲೆ.