ವಾಲ್ಟರ್ ಟಲ್: ಅವಸರಪಡದ ಆಟಗಾರ

ಶ್ರೋತೃಗಳಿಗೆ ನಮಸ್ಕಾರ.

1909ರ ಸೆಪ್ಟೆಂಬರ್ ತಿಂಗಳಲ್ಲಿ ಲಂಡನ್ನಿನ ಡೈಲಿ ಕ್ರಾನಿಕಲ್ ಪತ್ರಿಕೆಯ ವರದಿಗಾರರೊಬ್ಬರು ಇಪ್ಪತ್ತೊಂದು ವರ್ಷದ ಒಬ್ಬ ಫುಟ್‌ಬಾಲ್ ಆಟಗಾರನನ್ನು ಕಂಡು ಬೆರಗಾದರು. ಆ ಯುವಕನ ಗುಣಗಳಲ್ಲಿ ಎಲ್ಲಕ್ಕಿಂತ ಮೊದಲು ಅವರು ಹೊಗಳಿದ್ದು ಅವನ ಸಮಚಿತ್ತವನ್ನು. ಎಂಟು ವರ್ಷಗಳು ಕಳೆದ ಮೇಲೆ, ಇಟಲಿಯ ಪಿಯಾವೆ ನದಿಯ ದಡದಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಸೇನೆಯ ಮೇಜರ್ ಜನರಲ್ ಸಿಡ್ನಿ ಲಾಫರ್ಡ್ ಅವರು ಅದೇ ಮನುಷ್ಯನನ್ನು ಮೆಚ್ಚಿಕೊಂಡು ಬರೆದಾಗಲೂ ಶೌರ್ಯ ಮತ್ತು ಸಮಚಿತ್ತ ಎಂಬ ಎರಡು ಮಾತುಗಳನ್ನೇ ಬಳಸಿದರು. ಆಟದ ಬಯಲಿನಲ್ಲಿ ನಿಂತವರೂ ರಣರಂಗದಲ್ಲಿ ನಿಂತವರೂ ಒಂದೇ ಗುಣವನ್ನು ಗುರುತಿಸಿದ ಆ ವ್ಯಕ್ತಿಯ ಹೆಸರು ವಾಲ್ಟರ್ ಡೇನಿಯಲ್ ಜಾನ್ ಟಲ್. ಇಂದು ಅವರ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಅವರ ಸೈನಿಕ ಜೀವನದ ಕಡೆಗೇ ಹೊರಳುತ್ತಾರೆ. ನನಗೆ ಮಾತ್ರ ಅವರ ಆಟದ ಬಗ್ಗೆ ಮೊದಲು ಹೇಳಬೇಕೆನ್ನಿಸುತ್ತದೆ, ಏಕೆಂದರೆ ಅವರು ತಾವಾಗಿ ಆರಿಸಿಕೊಂಡು, ಕೂಲಿ ಪಡೆದು, ಮೈಮುರಿದು ಮಾಡಿದ ಕೆಲಸ ಆಟವೇ ಆಗಿತ್ತು.

ಟಲ್ ಹುಟ್ಟಿದ್ದು 1888ರ ಏಪ್ರಿಲ್ 28ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಕಡಲತೀರದ ಊರಾದ ಫೋಕ್‌ಸ್ಟನ್‌ನಲ್ಲಿ. ಅದಕ್ಕೆ ಹನ್ನೊಂದು ದಿನ ಮೊದಲು, ಅದೇ ಏಪ್ರಿಲ್ 17ರಂದು, ಮ್ಯಾಂಚೆಸ್ಟರಿನ ಒಂದು ಹೋಟೆಲಿನಲ್ಲಿ ಸಭೆ ಸೇರಿದ ಕ್ಲಬ್ಬುಗಳ ಪ್ರತಿನಿಧಿಗಳು ಫುಟ್‌ಬಾಲ್ ಲೀಗ್ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಹಣ ಪಡೆದು ಆಡುವ ಆಟ ಇಂಗ್ಲೆಂಡಿನಲ್ಲಿ ಒಂದು ಗಟ್ಟಿಯಾದ ಕಸುಬಾಗಿ ನೆಲೆಯೂರಿದ್ದು ಆ ಲೀಗಿನಿಂದ. ಹೀಗಾಗಿ ಕಸುಬೂ ಅದನ್ನು ಹಿಡಿಯಲಿದ್ದ ಮಗುವೂ ಹೆಚ್ಚುಕಡಿಮೆ ಒಟ್ಟಿಗೇ ಕಣ್ಣುಬಿಟ್ಟವು ಎನ್ನಬಹುದು. ತಂದೆ ಡೇನಿಯಲ್ ಟಲ್ ಕೆರಿಬಿಯನ್ ಸಮುದ್ರದ ಬಾರ್ಬಡೋಸ್ ದ್ವೀಪದಿಂದ ಬಂದ ಬಡಗಿ. ಅವರ ಹಿಂದಿನ ತಲೆಮಾರು ಆ ದ್ವೀಪದ ಕಬ್ಬಿನ ತೋಟಗಳಲ್ಲಿ ಗುಲಾಮಗಿರಿಯನ್ನು ಅನುಭವಿಸಿತ್ತು. ತಾಯಿ ಆಲಿಸ್ ಪಾಮರ್ ಕೆಂಟ್ ಪ್ರಾಂತ್ಯದವರೇ ಆದ ಬಿಳಿಯ ಹೆಣ್ಣುಮಗಳು. ವಾಲ್ಟರ್‌ಗೆ ಏಳು ವರ್ಷವಾದಾಗ, 1895ರಲ್ಲಿ, ತಾಯಿ ತೀರಿಕೊಂಡರು. ತಂದೆ ಆಲಿಸ್ ಅವರ ಬಂಧುವಾದ ಕ್ಲಾರಾ ಎಂಬವರನ್ನು ಮದುವೆಯಾದರು; ಆದರೆ ಎರಡೇ ವರ್ಷದಲ್ಲಿ, 1897ರ ಕೊನೆಗೆ, ತಂದೆಯೂ ಹೃದಯದ ಬೇನೆಯಿಂದ ತೀರಿಕೊಂಡರು. ಮನೆತುಂಬ ಮಕ್ಕಳಿದ್ದ ಆ ಮಲತಾಯಿಗೆ ಎಲ್ಲರ ಹೊಟ್ಟೆ ಹೊರೆಯುವ ದಾರಿ ಕಾಣಲಿಲ್ಲ. ವಾಲ್ಟರ್ ಮತ್ತು ಅವನಿಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ಎಡ್ವರ್ಡ್ ಇಬ್ಬರನ್ನೂ 1898ರಲ್ಲಿ ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿ ಮೆಥಡಿಸ್ಟ್ ಕ್ರೈಸ್ತರು ನಡೆಸುತ್ತಿದ್ದ ಅನಾಥಾಲಯಕ್ಕೆ ಸೇರಿಸಲಾಯಿತು.

ಅಲ್ಲಿ ಅಣ್ಣತಮ್ಮಂದಿರು ಜೊತೆಯಾಗಿ ಕಳೆದದ್ದು ಸುಮಾರು ಎರಡು ವರ್ಷ ಮಾತ್ರ. ಗ್ಲಾಸ್ಗೋ ನಗರದ ವಾರ್ನಾಕ್ ಎಂಬ ಕುಟುಂಬದವರು ಎಡ್ವರ್ಡ್‌ನನ್ನು ದತ್ತು ತೆಗೆದುಕೊಂಡರು. ಅವನು ಸ್ಕಾಟ್ಲೆಂಡಿಗೆ ಹೋಗಿ, ಓದಿ, ಮುಂದೆ ದಂತವೈದ್ಯನಾದ. ವಾಲ್ಟರ್ ಅನಾಥಾಲಯದಲ್ಲೇ ಉಳಿದು ಅಚ್ಚುಕೂಟದ ಕೆಲಸ ಕಲಿತ, ಅಲ್ಲಿಯ ಹುಡುಗರ ತಂಡದಲ್ಲಿ ಚೆಂಡಾಡಿದ. ಹತ್ತು ವರ್ಷ ತುಂಬುವುದರೊಳಗೆ ತಾಯಿತಂದೆಯರನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿಗೆ ಅಣ್ಣನನ್ನೂ ಬೀಳ್ಕೊಟ್ಟ ಆ ಬಾಲಕನ ಮನಸ್ಸಿನಲ್ಲಿ ಏನು ನಡೆದಿರಬಹುದೆಂದು ಯೋಚಿಸಿದಾಗಲೆಲ್ಲ, ಮುಂದೆ ಜನ ಅವನಲ್ಲಿ ಕಂಡ ಆ ಸಮಚಿತ್ತ ಸುಲಭಕ್ಕೆ ದೊರೆತದ್ದಾಗಿರಲಾರದು ಎಂದು ನನಗೆ ಅನ್ನಿಸುತ್ತದೆ.

1908ರಲ್ಲಿ ಟಲ್ ಪೂರ್ವ ಲಂಡನ್ನಿನ ಕ್ಲಾಪ್ಟನ್ ಎಂಬ ಹವ್ಯಾಸಿ ಕ್ಲಬ್ಬನ್ನು ಸೇರಿದರು. ಸೇರಿದ ಮೊದಲ ಋತುವಿನಲ್ಲೇ ಆ ತಂಡ ಇಂಗ್ಲೆಂಡಿನ ಹವ್ಯಾಸಿ ತಂಡಗಳ ಅತಿ ದೊಡ್ಡ ಪ್ರಶಸ್ತಿಯಾದ ಎಫ್.ಎ. ಅಮೆಚೂರ್ ಕಪ್ ಅನ್ನೂ, ಅದರೊಂದಿಗೆ ಲಂಡನ್ನಿನ ಎರಡು ಕಪ್‌ಗಳನ್ನೂ ಗೆದ್ದಿತು. ಫುಟ್‌ಬಾಲ್ ಸ್ಟಾರ್ ಎಂಬ ಪತ್ರಿಕೆ ಈ ಋತುವಿನಲ್ಲಿ ಸಿಕ್ಕ ಅತ್ಯುತ್ತಮ ಆಟಗಾರ ಇವನೇ ಎಂದು ಬರೆಯಿತು. 1909ರ ಬೇಸಿಗೆಯಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ ಅವರನ್ನು ಕರೆಸಿಕೊಂಡು, ತನ್ನ ತಂಡದ ಜೊತೆ ಅರ್ಜೆಂಟೀನಾ ಮತ್ತು ಉರುಗ್ವೆ ಪ್ರವಾಸಕ್ಕೆ ಕರೆದೊಯ್ದಿತು. ಒಪ್ಪಂದಕ್ಕೆ ಸಹಿ ಹಾಕಿದ್ದಕ್ಕೆ ಹತ್ತು ಪೌಂಡ್, ವಾರಕ್ಕೆ ನಾಲ್ಕು ಪೌಂಡ್ ಸಂಬಳ. ಆ ಕಾಲದ ನಿಯಮದ ಪ್ರಕಾರ ಯಾವ ಆಟಗಾರನಿಗೂ ಅದಕ್ಕಿಂತ ಹೆಚ್ಚು ವಾರದ ಸಂಬಳ ಕೊಡುವಂತಿರಲಿಲ್ಲ. ನುರಿತ ಕೆಲಸಗಾರನೊಬ್ಬನ ವಾರದ ಕೂಲಿ ಎರಡು ಪೌಂಡಿನ ಆಸುಪಾಸಿನಲ್ಲಿದ್ದ ದಿನಗಳವು.

ಟಾಟನ್‌ಹ್ಯಾಮ್ ಆಗಷ್ಟೇ ಮೊದಲ ಬಾರಿಗೆ ಲೀಗಿನ ಮೊದಲ ದರ್ಜೆಗೆ ಏರಿತ್ತು. 1909ರ ಸೆಪ್ಟೆಂಬರ್ 1ರಂದು ಸಂಡರ್‌ಲ್ಯಾಂಡಿನಲ್ಲಿ ನಡೆದ ಅದರ ಮೊದಲ ಪಂದ್ಯದಲ್ಲಿ ಟಲ್ ಆಡಿದರು. ತಂಡ 3-1ರಿಂದ ಸೋತಿತು. ಹತ್ತು ದಿನಗಳ ನಂತರ, ಆ ವರ್ಷವಷ್ಟೇ ಎಫ್.ಎ. ಕಪ್ ಗೆದ್ದಿದ್ದ ಮ್ಯಾಂಚೆಸ್ಟರ್ ಯುನೈಟೆಡ್ ಟಾಟನ್‌ಹ್ಯಾಮಿನ ಅಂಗಳಕ್ಕೆ ಬಂದಾಗ ಪಂದ್ಯ 2-2ರಲ್ಲಿ ಸಮವಾಯಿತು. ಟಲ್ ತಮ್ಮ ತಂಡಕ್ಕೆ ಒಂದು ಪೆನಾಲ್ಟಿ ದೊರಕಿಸಿಕೊಟ್ಟರು. ನಾನು ಆರಂಭದಲ್ಲಿ ಹೇಳಿದ ಡೈಲಿ ಕ್ರಾನಿಕಲ್ ವರದಿ ಬಂದದ್ದು ಈ ಪಂದ್ಯದ ಬಗ್ಗೆ. ಎದುರಾಳಿ ತನ್ನ ಜಾಗ ಬಿಟ್ಟು ತಪ್ಪು ಜಾಗಕ್ಕೆ ಸರಿಯುವವರೆಗೆ ಕ್ಷಣದ ಒಂದು ಪಾಲಿನಷ್ಟು ಹೊತ್ತು ಕಾಯ್ದು, ಆಮೇಲೆ ಎಷ್ಟು ಬೇಕೋ ಅಷ್ಟೇ ಬಲದಿಂದ ಚೆಂಡನ್ನು ಜೊತೆಗಾರನಿಗೆ ತಲುಪಿಸುವ ಅವರ ಬಗೆಯನ್ನು ಆ ವರದಿಗಾರರು ವಿವರಿಸಿದ್ದಾರೆ.

ಈ ಕಾಯುವಿಕೆಯ ಬೆಲೆ ಏನೆಂಬುದು ತಿಳಿಯಬೇಕಾದರೆ ಆ ಕಾಲದ ಆಟವನ್ನು ಸ್ವಲ್ಪ ನೋಡಬೇಕು. ಆಗ ಪ್ರತಿ ತಂಡವೂ ಗೋಲ್‌ಕೀಪರ್‌ನ ಮುಂದೆ ಇಬ್ಬರು ಫುಲ್‌ಬ್ಯಾಕ್, ಮೂವರು ಹಾಫ್‌ಬ್ಯಾಕ್, ಐವರು ಫಾರ್ವರ್ಡ್ ಎಂಬಂತೆ ನಿಲ್ಲುತ್ತಿತ್ತು. ಐವರು ಫಾರ್ವರ್ಡ್‌ಗಳಲ್ಲಿ ನಡುವಿನವನಿಗೂ ಅಂಚಿನವರಿಗೂ ಮಧ್ಯೆ ಆಡುವವನೇ ಇನ್‌ಸೈಡ್ ಫಾರ್ವರ್ಡ್. ಟಲ್ ಅವರ ಜಾಗ ಅದು. ಹಿಂದಿನಿಂದ ಬಂದ ಚೆಂಡನ್ನು ಹಿಡಿದು ಮುಂದಿನವರಿಗೆ ಹಂಚುವುದು ಅವನ ಮುಖ್ಯ ಕೆಲಸ. ಅಂದಿನ ಆಫ್‌ಸೈಡ್ ನಿಯಮದಂತೆ, ಚೆಂಡು ಹೊರಡುವ ಗಳಿಗೆಯಲ್ಲಿ ಅದನ್ನು ಪಡೆಯುವವನಿಗೂ ಎದುರಾಳಿಯ ಗೋಲಿನ ಗೆರೆಗೂ ನಡುವೆ ಕನಿಷ್ಠ ಮೂವರು ಎದುರಾಳಿಗಳಿರಬೇಕಿತ್ತು. ಈ ಸಂಖ್ಯೆ ಎರಡಕ್ಕೆ ಇಳಿದದ್ದು 1925ರಲ್ಲಿ. ಹೀಗಿರುವಾಗ ಒಂದು ರೆಪ್ಪೆ ಬಡಿಯುವಷ್ಟು ಬೇಗ ಅಥವಾ ತಡವಾಗಿ ಹೊರಟ ಚೆಂಡು ಇಡೀ ದಾಳಿಯನ್ನೇ ಕೆಡಿಸುತ್ತಿತ್ತು. ಓಟದ ವೇಗ ಟಲ್ ಅವರ ಹಿರಿಮೆಯಾಗಿರಲಿಲ್ಲ. ಸುತ್ತ ಸಾವಿರಾರು ಜನ ಕೂಗುತ್ತಿರುವಾಗ, ಎದುರಾಳಿ ಮೈಮೇಲೆ ಬರುತ್ತಿರುವಾಗ, ಇನ್ನೂ ಒಂದು ಗಳಿಗೆ ಚೆಂಡನ್ನು ಕಾಲಿನಲ್ಲೇ ಇಟ್ಟುಕೊಳ್ಳುವ ಎದೆಗಾರಿಕೆ ಅವರಿಗಿತ್ತು.

ಅದೇ ವರ್ಷ ಅಕ್ಟೋಬರಿನಲ್ಲಿ ಟಾಟನ್‌ಹ್ಯಾಮ್ ತಂಡ ಬ್ರಿಸ್ಟಲ್ ನಗರದಲ್ಲಿ ಆಡಿತು. ಅಲ್ಲಿ ಪ್ರೇಕ್ಷಕರ ಒಂದು ಗುಂಪು ಟಲ್ ಅವರನ್ನು ಮೈಬಣ್ಣದ ಕಾರಣಕ್ಕೆ ಹೀನಾಯವಾದ ಮಾತುಗಳಿಂದ ಬೈಯಿತು. ಫುಟ್‌ಬಾಲ್ ಸ್ಟಾರ್ ಪತ್ರಿಕೆಯ ವರದಿಗಾರರು ಅದನ್ನು ಹೇಡಿಗಳ ದಾಳಿ ಎಂದು ನೇರವಾಗಿ ಕರೆದರು. ಲಂಡನ್ನಿನ ಬಿಲಿಂಗ್ಸ್‌ಗೇಟ್ ಮೀನು ಮಾರುಕಟ್ಟೆಯ ಭಾಷೆಗಿಂತಲೂ ಕೀಳಾದ ಭಾಷೆ ಅದೆಂದರು. ಮನಸ್ಸಿನಲ್ಲೂ ಆಟದ ರೀತಿಯಲ್ಲೂ ಟಲ್ ಎಷ್ಟು ನಿರ್ಮಲರೆಂದರೆ ಫುಟ್‌ಬಾಲ್ ಆಡುವ ಬಿಳಿಯರೆಲ್ಲರಿಗೂ ಅವರು ಮಾದರಿ ಎಂದೂ, ಅಂದು ಅಂಗಳದಲ್ಲಿದ್ದ ಫಾರ್ವರ್ಡ್‌ಗಳಲ್ಲಿ ಸಾಮರ್ಥ್ಯದ ದೃಷ್ಟಿಯಿಂದ ಅವರೇ ಅತ್ಯುತ್ತಮರೆಂದೂ ಬರೆದರು. 1909ರಲ್ಲಿ ಇಂಥ ಮಾತನ್ನು ಅಚ್ಚಿಗೆ ಹಾಕಿದ ಆ ಲೇಖಕರನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೆ ಆ ಪಂದ್ಯವಾದ ಸ್ವಲ್ಪ ದಿನಗಳಲ್ಲೇ ಟಲ್ ಮೊದಲ ತಂಡದಿಂದ ಹೊರಗುಳಿದು ಮೀಸಲು ತಂಡಕ್ಕೆ ಇಳಿದರು. ಮೊದಲ ದರ್ಜೆಯಲ್ಲಿ ಅವರು ಆಡಿದ್ದು ಒಟ್ಟು ಹತ್ತು ಪಂದ್ಯ. ಹೊಡೆದದ್ದು ಎರಡು ಗೋಲು. ಗೋಲಿನ ಲೆಕ್ಕವನ್ನು ಮಾತ್ರ ನೋಡುವವರಿಗೆ ಇದು ಸಣ್ಣ ಸಾಧನೆಯಾಗಿ ಕಂಡೀತು, ಆದರೆ ಚೆಂಡು ಹಂಚುವವನ ಕೆಲಸ ಆ ಲೆಕ್ಕದ ಪುಸ್ತಕದಲ್ಲಿ ಬೀಳುವುದೇ ಇಲ್ಲ. ಹತ್ತೇ ಪಂದ್ಯಗಳಿಗೆ ನಿಂತುಹೋದ ಆ ಅವಕಾಶದ ಬಗ್ಗೆ ನನಗೆ ಇಂದಿಗೂ ಸಂಕಟವಾಗುತ್ತದೆ.

1911ರ ಅಕ್ಟೋಬರಿನಲ್ಲಿ ನಾರ್ತ್‌ಹ್ಯಾಂಪ್ಟನ್ ಟೌನ್ ತಂಡದ ವ್ಯವಸ್ಥಾಪಕರಾದ ಹರ್ಬರ್ಟ್ ಚಾಪ್ಮನ್ ಅವರು ಟಲ್ ಅವರನ್ನು ತಮ್ಮಲ್ಲಿಗೆ ಕರೆಸಿಕೊಂಡರು. ಚಾಪ್ಮನ್ ಮುಂದೆ ಹಡರ್ಸ್‌ಫೀಲ್ಡ್ ಮತ್ತು ಆರ್ಸೆನಲ್ ತಂಡಗಳನ್ನು ಲೀಗ್ ಚಾಂಪಿಯನ್ನರನ್ನಾಗಿ ಮಾಡಿ, ಇಂಗ್ಲೆಂಡಿನ ಅತಿ ದೊಡ್ಡ ತರಬೇತುದಾರರಲ್ಲಿ ಒಬ್ಬರೆನಿಸಿಕೊಂಡವರು. ಅವರೂ ಹಿಂದೊಮ್ಮೆ ಟಾಟನ್‌ಹ್ಯಾಮ್ ಪರವಾಗಿ ಆಡಿದ್ದವರು. ನಾರ್ತ್‌ಹ್ಯಾಂಪ್ಟನ್ ಆಗ ಫುಟ್‌ಬಾಲ್ ಲೀಗಿನಿಂದ ಬೇರೆಯಾದ ಸದರ್ನ್ ಲೀಗ್ ಎಂಬ ಕೂಟದಲ್ಲಿತ್ತು. ಟಲ್ ಅಲ್ಲಿ ಒಂದು ಪಂದ್ಯದಲ್ಲಿ ಬ್ರಿಸ್ಟಲ್ ರೋವರ್ಸ್ ವಿರುದ್ಧ ನಾಲ್ಕು ಗೋಲು ಹೊಡೆದದ್ದುಂಟು, ಆದರೆ ಅವರು ನಿಜವಾಗಿ ನೆಲೆ ನಿಂತದ್ದು ಹಾಫ್‌ಬ್ಯಾಕ್ ಸ್ಥಾನದಲ್ಲಿ. ಎದುರಾಳಿಯ ದಾಳಿಯನ್ನು ಮುರಿದು, ತಲೆಯೆತ್ತಿ ನೋಡಿ, ಮುಂದಿನವರಿಗೆ ಚೆಂಡು ಕಳಿಸುವ ಆ ಜಾಗ ಅವರ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಅಲ್ಲಿ ಅವರು ಸುಮಾರು 110 ಪಂದ್ಯಗಳನ್ನು ಆಡಿದರು. ಆ ಊರಿನ ಜನ ಅವರನ್ನು ತಮ್ಮವರೆಂದೇ ಒಪ್ಪಿಕೊಂಡರು.

1914ರಲ್ಲಿ ಮಹಾಯುದ್ಧ ಶುರುವಾಯಿತು. ಡಿಸೆಂಬರಿನಲ್ಲಿ ಲಂಡನ್ನಿನ ಫುಲ್ಹಮ್ ಪುರಭವನದಲ್ಲಿ ನಡೆದ ಸಭೆಯಲ್ಲಿ ಮಿಡ್ಲ್‌ಸೆಕ್ಸ್ ರೆಜಿಮೆಂಟಿನ 17ನೆಯ ಬೆಟಾಲಿಯನ್ ಹುಟ್ಟಿಕೊಂಡಿತು. ಆಟಗಾರರೂ ಅಭಿಮಾನಿಗಳೂ ಸೇರಿದ್ದರಿಂದ ಜನ ಅದನ್ನು ಫುಟ್‌ಬಾಲ್ ಬೆಟಾಲಿಯನ್ ಎಂದೇ ಕರೆದರು. ಟಲ್ ಅದೇ ತಿಂಗಳು ಸೇರಿದರು. 1915ರ ನವೆಂಬರಿನಲ್ಲಿ ಫ್ರಾನ್ಸಿಗೆ ಹೋದರು, ಸಾರ್ಜೆಂಟ್ ಆದರು. 1916ರ ವಸಂತದಲ್ಲಿ, ನಿಲ್ಲದ ಶೆಲ್ ದಾಳಿಯ ಆಘಾತಕ್ಕೆ ಅವರ ಮನಸ್ಸು ಕುಸಿದು, ಚಿಕಿತ್ಸೆಗಾಗಿ ಇಂಗ್ಲೆಂಡಿಗೆ ಮರಳಬೇಕಾಯಿತು. ಅವರ ಸಮಚಿತ್ತವನ್ನು ಹೊಗಳುವಾಗ ಈ ಸಂಗತಿಯನ್ನು ಮರೆಮಾಡಬಾರದು. ಕುಸಿದ ಮನುಷ್ಯ ಕೆಲವೇ ತಿಂಗಳಲ್ಲಿ ಮತ್ತೆ ಎದ್ದು ಫ್ರಾನ್ಸಿಗೆ ಹೋಗಿ, ಸೊಮ್ ಕದನದ ಕೊನೆಯ ಘಟ್ಟದಲ್ಲಿ ಹೋರಾಡಿದರು.

ಅಂದಿನ ಬ್ರಿಟಿಷ್ ಸೈನಿಕ ಕಾನೂನಿನ ಕೈಪಿಡಿಯು ಕರಿಯ ಮೈಬಣ್ಣದವರು ಅಧಿಕಾರಿಗಳಾಗಿ ಆಜ್ಞೆ ಮಾಡುವುದನ್ನು ತಡೆದಿತ್ತು. ಆದರೂ ಅವರ ಮೇಲಧಿಕಾರಿಗಳು ಅವರ ಹೆಸರನ್ನು ಶಿಫಾರಸು ಮಾಡಿದರು. ಟಲ್ ಸ್ಕಾಟ್ಲೆಂಡಿನ ಗೇಲ್ಸ್ ಎಂಬಲ್ಲಿ ತರಬೇತಿ ಪಡೆದು, 1917ರ ಮೇ ತಿಂಗಳ ಕೊನೆಯಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆದರು. ಬ್ರಿಸ್ಟಲಿನಲ್ಲಿ ಬೈಗುಳ ಕೇಳಿದ ಆ ಮನುಷ್ಯನ ಆಜ್ಞೆಯನ್ನು ಬಿಳಿಯ ಸೈನಿಕರು ಪಾಲಿಸಿದರು. ಆ ನವೆಂಬರಿನಲ್ಲಿ ಅವರ ಬೆಟಾಲಿಯನ್ ಇಟಲಿಗೆ ಹೋಯಿತು. ಹೊಸವರ್ಷದ ಹೊತ್ತಿಗೆ, ನಡುಗುವ ಚಳಿಯಲ್ಲಿ, ಟಲ್ 26 ಸೈನಿಕರೊಡನೆ ರಭಸದಿಂದ ಹರಿಯುವ ಪಿಯಾವೆ ನದಿಯನ್ನು ರಾತ್ರಿ ದಾಟಿ, ಶತ್ರುವಿನ ನೆಲೆಗಳತ್ತ ಸಾಗಿ, ಒಬ್ಬನನ್ನೂ ಕಳೆದುಕೊಳ್ಳದೆ ಹಿಂದಿರುಗಿದರು. ಲಾಫರ್ಡ್ ಅವರ ಮೆಚ್ಚುಗೆಯ ಮಾತು ಬಂದದ್ದು ಇದಕ್ಕೆ.

1918ರ ಮಾರ್ಚ್ 21ರಂದು ಜರ್ಮನಿ ಫ್ರಾನ್ಸಿನಲ್ಲಿ ತನ್ನ ದೊಡ್ಡ ಆಕ್ರಮಣವನ್ನು ಆರಂಭಿಸಿತು. ನಾಲ್ಕು ದಿನಗಳ ನಂತರ, ಮಾರ್ಚ್ 25ರಂದು, ಬಪೋಮ್ ಪಟ್ಟಣದ ಬಳಿಯ ಫಾವ್ರೆಯ್ ಎಂಬಲ್ಲಿ, ಹಿಮ್ಮೆಟ್ಟುತ್ತಿದ್ದ ಸೈನಿಕರೊಡನೆ ಇದ್ದ ಟಲ್ ಗುಂಡೇಟಿಗೆ ಬಲಿಯಾದರು. ಆಗ ಅವರ ವಯಸ್ಸು 29. ಲೆಸ್ಟರ್ ಫಾಸ್ ತಂಡದ ಗೋಲ್‌ಕೀಪರ್ ಆಗಿದ್ದ ಸೈನಿಕ ಟಾಮ್ ಬಿಲ್ಲಿಂಗ್‌ಹ್ಯಾಮ್ ಗುಂಡಿನ ಮಳೆಯ ನಡುವೆ ಅವರ ದೇಹವನ್ನು ಹೊತ್ತು ತರಲು ಪ್ರಯತ್ನಿಸಿದರು. ಶತ್ರು ತೀರ ಹತ್ತಿರ ಬಂದದ್ದರಿಂದ ಬಿಟ್ಟು ಬರಬೇಕಾಯಿತು. ದೇಹ ಮತ್ತೆ ಸಿಗಲಿಲ್ಲ. ಸಮಾಧಿಯಿಲ್ಲದ ಸುಮಾರು 35,000 ಸೈನಿಕರ ಹೆಸರುಗಳಿರುವ ಆರಸ್ ಸ್ಮಾರಕದ ಗೋಡೆಯಲ್ಲಿ ಅವರ ಹೆಸರೂ ಇದೆ. ಗ್ಲಾಸ್ಗೋದಲ್ಲಿದ್ದ ಅಣ್ಣ ಎಡ್ವರ್ಡ್‌ಗೆ ಸಹ ಅಧಿಕಾರಿಯೊಬ್ಬರು ಪತ್ರ ಬರೆದು, ಬೆಟಾಲಿಯನ್ ಒಬ್ಬ ನಿಷ್ಠಾವಂತ ಅಧಿಕಾರಿಯನ್ನು ಕಳೆದುಕೊಂಡಿತು, ನಾನು ಒಬ್ಬ ಗೆಳೆಯನನ್ನು ಕಳೆದುಕೊಂಡೆ ಎಂದು ತಿಳಿಸಿದರು. ಮಿಲಿಟರಿ ಕ್ರಾಸ್ ಪದಕಕ್ಕೆ ಟಲ್ ಅವರ ಹೆಸರನ್ನು ಸೂಚಿಸಲಾಗಿತ್ತು ಎಂಬುದೂ ಆ ಪತ್ರದಲ್ಲಿತ್ತು. ಆ ಪದಕ ಅವರಿಗೆ ಬರಲಿಲ್ಲ.

ಎಂಬತ್ತು ವರ್ಷಗಳ ಕಾಲ ಅವರನ್ನು ಹೆಚ್ಚು ಜನ ನೆನೆಯಲಿಲ್ಲ. 1999ರಲ್ಲಿ ನಾರ್ತ್‌ಹ್ಯಾಂಪ್ಟನ್ ಕ್ಲಬ್ಬಿನ ಸಿಕ್ಸ್‌ಫೀಲ್ಡ್ಸ್ ಕ್ರೀಡಾಂಗಣದ ಪಕ್ಕದಲ್ಲಿ ಅವರ ಸ್ಮಾರಕವನ್ನು ನಿಲ್ಲಿಸಲಾಯಿತು. ಅಲ್ಲಿಯ ರಸ್ತೆಗೆ ವಾಲ್ಟರ್ ಟಲ್ ವೇ ಎಂದು ಹೆಸರಿಟ್ಟಿದ್ದಾರೆ. ಪಂದ್ಯವಿರುವ ದಿನ ಆ ಊರಿನ ಜನ ಅದೇ ರಸ್ತೆಯಲ್ಲಿ ನಡೆದು ತಮ್ಮ ತಂಡದ ಆಟ ನೋಡಲು ಹೋಗುತ್ತಾರೆ.