ಹಬ್ಬ ಮುಗಿದ ಮೇಲೆ ಜಿಂಜರ್‌ಬ್ರೆಡ್ ಮನೆ

ಕೇಳುಗರಿಗೆ ನಮಸ್ಕಾರ. ಕ್ರಿಸ್‌ಮಸ್ ಸಮಯದಲ್ಲಿ ದೊಡ್ಡ ಹೋಟೆಲುಗಳ ಹಜಾರದಲ್ಲಿ ಶುಂಠಿ ಬಿಸ್ಕತ್ತಿನಿಂದ ಆಳೆತ್ತರಕ್ಕೆ ಕಟ್ಟಿ ನಿಲ್ಲಿಸುವ ಜಿಂಜರ್‌ಬ್ರೆಡ್ ಮನೆಗಳನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ನಮ್ಮ ಬೆಂಗಳೂರಿನ ಹೋಟೆಲುಗಳಲ್ಲಿಯೂ ಈಗ ಅವು ಅಪರೂಪವೇನಲ್ಲ. ಅದರ ಮುಂದೆ ಮಗುವನ್ನು ನಿಲ್ಲಿಸಿ ಫೋಟೋ ತೆಗೆಯುವವರು ಇದನ್ನು ಕಟ್ಟಲು ಎಷ್ಟು ದಿನ ಹಿಡಿಯಿತೆಂದು ತಪ್ಪದೆ ಕೇಳುತ್ತಾರೆ. ಹಬ್ಬ ಕಳೆದ ಮೇಲೆ ಇದು ಎಲ್ಲಿಗೆ ಹೋಗುತ್ತದೆಂದು ಕೇಳುವವರನ್ನು ನಾನು ಕಂಡದ್ದು ಬಹಳ ಕಡಿಮೆ. ಇಂದಿನ ನನ್ನ ಮಾತು ಆ ಪ್ರಶ್ನೆಯ ಬಗ್ಗೆ, ಅದರಲ್ಲಿಯೂ ಬೇಕರಿ ಕೆಲಸಕ್ಕೆ ಈಗಷ್ಟೇ ಸೇರಿರುವ ಹುಡುಗ ಹುಡುಗಿಯರಿಗಾಗಿ. ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ: ಜನವರಿಯಲ್ಲಿ ಮನೆ ಎಲ್ಲಿಗೆ ಹೋಗುತ್ತದೆ ಎಂಬುದು ನವೆಂಬರಿನಲ್ಲಿ ಗೋಡೆಗೆ ಗೋಡೆ ಅಂಟಿಸುವಾಗಲೇ ತೀರ್ಮಾನವಾಗಿರುತ್ತದೆ.

ಜಿಂಜರ್‌ಬ್ರೆಡ್ ಎಂದರೆ ಮೈದಾ ಹಿಟ್ಟಿಗೆ ಜೇನುತುಪ್ಪವನ್ನೋ ಕಾಕಂಬಿಯನ್ನೋ ಹಾಕಿ, ಶುಂಠಿ, ದಾಲ್ಚಿನ್ನಿ, ಲವಂಗದ ಪುಡಿ ಬೆರೆಸಿ, ಗಟ್ಟಿಯಾಗುವಂತೆ ಬೇಯಿಸಿದ ದಪ್ಪ ಬಿಸ್ಕತ್ತು. ಮೊಟ್ಟೆಯ ಬಿಳಿಯನ್ನು ಪುಡಿ ಸಕ್ಕರೆಯೊಂದಿಗೆ ಚೆನ್ನಾಗಿ ಕಡೆದರೆ ಸಿಗುವ ಐಸಿಂಗ್ ಈ ಮನೆಗೆ ಗಾರೆ. ಒಣಗಿದರೆ ಕಲ್ಲಿನಂತೆ ಹಿಡಿಯುತ್ತದೆ. ಆದರೆ ಜೇನುತುಪ್ಪಕ್ಕೂ ಸಕ್ಕರೆಗೂ ಗಾಳಿಯ ತೇವವನ್ನು ಎಳೆದುಕೊಳ್ಳುವ ಗುಣವಿರುವುದರಿಂದ, ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲವಾದರೆ ಚಕ್ಕುಲಿ ಮೆತ್ತಗಾಗುವಂತೆ ಈ ಗೋಡೆಗಳೂ ವಾರಗಳು ಕಳೆದಂತೆ ಮೆತ್ತಗಾಗುತ್ತವೆ. ಅಷ್ಟು ದಿನ ಧೂಳನ್ನೂ ಸಾವಿರಾರು ಜನರ ಉಸಿರನ್ನೂ ಕೈಗಳನ್ನೂ ತಾಕಿಸಿಕೊಂಡು ನಿಂತದ್ದನ್ನು ತಿನ್ನಬಾರದು. ಹಾಗೆಂದು ಅದು ಸಣ್ಣ ರಾಶಿಯಲ್ಲ. 2013ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಬ್ರಯಾನ್ ಎಂಬಲ್ಲಿ ಕಟ್ಟಿ ಗಿನ್ನೆಸ್ ದಾಖಲೆಗೆ ಸೇರಿದ ಮನೆಗೆ 7,200 ಮೊಟ್ಟೆಗಳೂ ಮೂರು ಸಾವಿರ ಕಿಲೋಗೂ ಮೀರಿದ ಹಿಟ್ಟೂ ಎಂಟುನೂರು ಕಿಲೋಗೂ ಹೆಚ್ಚು ಬೆಣ್ಣೆಯೂ ಬೇಕಾಗಿದ್ದವು.

ನನಗೆ ಈ ವಿಷಯದ ಹುಚ್ಚು ಹಿಡಿದದ್ದು ಹೇಗೆಂದು ಹೇಳಲೇಬೇಕು. ವಿದೇಶದ ಒಂದು ಹೋಟೆಲಿನ ಬೇಕರಿಯಲ್ಲಿ ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಳಗೆ ನಾಲ್ಕು ಜನ ನಿಲ್ಲಬಹುದಾದ ಮನೆಯನ್ನು ಕಟ್ಟಿದೆವು. ಸಮಯ ಸಾಲದೆ ಬಂದಾಗ, ಐಸಿಂಗ್ ಒಣಗುವವರೆಗೆ ಕಾಯುವುದೇಕೆಂದು ಮೇಲಿನವರೊಬ್ಬರು ಗ್ಲೂ ಗನ್ ತಂದು ನಮ್ಮ ಕೈಗೆ ಕೊಟ್ಟರು. ಪ್ಲಾಸ್ಟಿಕ್ ಅಂಟು ಅರೆ ನಿಮಿಷದಲ್ಲಿ ಹಿಡಿಯಿತು, ಕೆಲಸ ಎರಡು ದಿನ ಮುಂಚೆಯೇ ಮುಗಿಯಿತು, ಎಲ್ಲರೂ ಬೆನ್ನು ತಟ್ಟಿದರು. ಜನವರಿಯ ಮೊದಲ ವಾರದಲ್ಲಿ ಹತ್ತಿರದ ಹಳ್ಳಿಯಿಂದ ಹಂದಿ ಸಾಕುವ ವೃದ್ಧರೊಬ್ಬರು ತಮ್ಮ ಸಣ್ಣ ಲಾರಿಯೊಂದಿಗೆ ಬಂದರು. ಬೇಕರಿಯಲ್ಲಿ ಉಳಿದ ಬ್ರೆಡ್ಡನ್ನು ವರ್ಷವಿಡೀ ಒಯ್ಯುತ್ತಿದ್ದವರು ಅವರು. ಈ ಮನೆಯಿಂದ ತಮ್ಮ ಹಂದಿಗಳಿಗೆ ಹಲವು ದಿನಗಳ ಮೇವಾಗುತ್ತದೆಂದು ಸಂತೋಷದಿಂದಲೇ ಬಂದಿದ್ದರು. ನಾನು ಚಾವಣಿಯ ಒಂದು ತುಂಡನ್ನು ಕಿತ್ತು ಅವರ ಕೈಗೆ ಕೊಟ್ಟೆ. ಅವರು ಅದನ್ನು ಮೊದಲು ಮೂಸಿ ನೋಡಿದರು, ಆಮೇಲೆ ಎರಡು ಕೈಯಿಂದ ಮುರಿದರು. ಬಿಸ್ಕತ್ತು ಮುರಿಯಿತು, ಆದರೆ ತುಂಡುಗಳು ಬೇರೆಯಾಗಲಿಲ್ಲ. ನಡುವೆ ಹಲಸಿನ ಮೇಣದಂತಹ ಬಿಳಿಯ ಎಳೆಯೊಂದು ಜೋತಾಡುತ್ತಿತ್ತು. ಅದನ್ನು ಉಗುರಿನಿಂದ ಕೆರೆದು ನೋಡಿ, ಏನೂ ಹೇಳದೆ ತುಂಡನ್ನು ನನ್ನ ಕೈಗೇ ಹಿಂತಿರುಗಿಸಿ, ಖಾಲಿ ಲಾರಿಯನ್ನು ಏರಿಕೊಂಡು ಹೊರಟುಹೋದರು. ಅಂದು ಸಂಜೆಯವರೆಗೆ ನಾವು ಆರು ಜನ ಶುಂಠಿಯ ಪರಿಮಳ ಇನ್ನೂ ಆರಿರದ ಆ ಗೋಡೆಗಳನ್ನು ಥರ್ಮೋಕೋಲ್ ಚೂರುಗಳ ಸಮೇತ ಕಪ್ಪು ಚೀಲಗಳಿಗೆ ತುಂಬಿದೆವು. ಐಸಿಂಗ್ ಒಣಗಲು ಎರಡು ದಿನ ಕೊಟ್ಟಿದ್ದರೆ ಅದಿಷ್ಟೂ ಮೇವಾಗುತ್ತಿತ್ತು. ಆ ಎರಡು ದಿನವನ್ನು ಈಗಲೂ ಯಾರಾದರೂ ಉಳಿಸಲು ಹೊರಟರೆ ನನಗೆ ಸಹನೆ ಉಳಿಯುವುದಿಲ್ಲ.

ಸಮಯ ಸರಿಯುತ್ತಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ತಿನ್ನುವ ಪದಾರ್ಥದಿಂದಲೇ ಕಟ್ಟಿದ ಮನೆಯನ್ನು ಪುಡಿ ಮಾಡಿ ಒಣ ಎಲೆಯೊಂದಿಗೆ ಬೆರೆಸಿದರೆ ಗೊಬ್ಬರವಾಗುತ್ತದೆ. ಎಲೆ ಕಡಿಮೆಯಾದರೆ ಮಾತ್ರ ಹುಳಿ ವಾಸನೆ ಬರುತ್ತದೆ. ನ್ಯೂಯಾರ್ಕಿನಲ್ಲಿ ಜಾನ್ ಲೋವಿಚ್ ಎಂಬ ಬಾಣಸಿಗರು ಜಿಂಜರ್‌ಬ್ರೆಡ್, ಐಸಿಂಗ್, ಮಿಠಾಯಿಗಳಿಂದಲೇ ಒಂದು ಇಡೀ ಊರನ್ನು ಕಟ್ಟುತ್ತಾರೆ. 2013ರಿಂದ ಮೊದಲಾಗಿ ಹಲವು ಬಾರಿ ಗಿನ್ನೆಸ್ ದಾಖಲೆ ಪಡೆದ ಆ ಊರಿನ ಮನೆಗಳನ್ನು ಪ್ರದರ್ಶನ ಮುಗಿದ ಮೇಲೆ ಬಂದವರಿಗೆ ಉಚಿತವಾಗಿ ಹಂಚುವ ಪದ್ಧತಿಯನ್ನು ಅವರು ಬೆಳೆಸಿದ್ದಾರೆ. ಅಂಟೂ ಥರ್ಮೋಕೋಲೂ ಇಲ್ಲದ ಮನೆಯಾದ್ದರಿಂದಲೇ ಅದನ್ನು, ತಿನ್ನಲು ಅಲ್ಲವಾದರೂ, ಒಂದು ಮಗುವಿನ ಕೈಗೆ ಧೈರ್ಯವಾಗಿ ಕೊಡಬಹುದು. ಪುನಃ ಹೇಳುತ್ತೇನೆ, ಅದು ನವೆಂಬರಿನಲ್ಲಿ ತೀರ್ಮಾನವಾದ ಸಂಗತಿ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಫ್ಲೋರಿಡಾದ ಡಿಸ್ನಿ ವರ್ಲ್ಡ್‌ನಲ್ಲಿರುವ ಗ್ರ್ಯಾಂಡ್ ಫ್ಲೋರಿಡಿಯನ್ ಹೋಟೆಲಿನವರು ಅನುಸರಿಸುವ ಕ್ರಮ. 1999ರಿಂದ ಅಲ್ಲಿ ಕಟ್ಟುತ್ತಿರುವ ಮನೆಗೆ ಸುಮಾರು 475 ಕಿಲೋ ಜೇನುತುಪ್ಪ ಬೇಕಾಗುತ್ತದೆ. ಹಬ್ಬ ಮುಗಿದ ಮೇಲೆ ಗೋಡೆಯ ಫಲಕಗಳನ್ನು ಬಿಚ್ಚಿ, ಮರಗಿಡ ಬೆಳೆಸುವ ತಮ್ಮ ತೋಟದ ಬಯಲಿನಲ್ಲಿ ಇರಿಸುತ್ತಾರೆ. ಹೂವು ವಿರಳವಾಗಿರುವ, ಆದರೆ ಜೇನುನೊಣಗಳು ಹಾರಾಡುವಷ್ಟು ಬೆಚ್ಚಗಿರುವ ಆ ತಿಂಗಳಲ್ಲಿ, ಐಸಿಂಗಿನ ಸಕ್ಕರೆಯನ್ನೂ ಬಿಸ್ಕತ್ತಿನ ಸಿಹಿಯನ್ನೂ ಹುಡುಕಿಕೊಂಡು ನೊಣಗಳು ಬಂದು ಕೂರುತ್ತವೆ. ಗೂಡಿನಿಂದ ಬಂದ ಜೇನಿನ ಒಂದು ಪಾಲು ಹೀಗೆ ಗೂಡಿಗೇ ಮರಳುತ್ತದೆ, ಮರದ ಚೌಕಟ್ಟು ಮುಂದಿನ ವರ್ಷದ ಮನೆಗೆ ಉಳಿಯುತ್ತದೆ. ನಮಸ್ಕಾರ.